ಡಬ್ಬಿಯ ತರಕಾರಿ, ಭರಣಿಯ ಮಿಡಿ, ಬಾಣಲೆಯ ಎಣ್ಣೆ

(ಹೊರರೋಗಿ ವಿಭಾಗದ ಆವರಣದಲ್ಲಿ ರೋಗಿಗಳಿಗೂ ಅವರ ಬಂಧುಗಳಿಗೂ ಆಸ್ಪತ್ರೆಯ ಆಹಾರ ಸಲಹೆಗಾರ್ತಿ ನೀಡಿದ ಉಪನ್ಯಾಸದ ಬರಹ ರೂಪ)

ಚೀಟಿ ಹಿಡಿದು ಡಾಕ್ಟರ ಕರೆಗಾಗಿ ಕಾಯುತ್ತಿರುವವರು, ಮೇಲಿನ ವಾರ್ಡಿನಿಂದ ಇಳಿದು ಬಂದಿರುವ ತಾಯಂದಿರು, ಊರಿನಿಂದ ಬುತ್ತಿ ಹೊತ್ತು ತಂದವರು, ಎಲ್ಲರೂ ಅರ್ಧ ಗಂಟೆ ನನಗೆ ಕೊಡಿ. ನಿಮ್ಮ ನಂಬರು ಕೂಗಿದರೆ ಎದ್ದು ಹೋಗಿ, ಸಂಕೋಚ ಬೇಡ. ನಾನು ಇಲ್ಲಿ ಊಟದ ಪಥ್ಯ ಬರೆದುಕೊಡುವವಳು. ಸಪ್ಪೆ ಸಾರು ಕೊಡಿಸುವ ಮೇಡಂ ಎಂದು ಕೆಲವರು ನನ್ನನ್ನು ಗುರುತಿಸುತ್ತಾರೆ. ಅದೂ ಸರಿಯೇ.

ಇವತ್ತಿನ ವಿಷಯ ನಾನು ಆರಿಸಿದ್ದಲ್ಲ. ಹೃದಯದ ತೊಂದರೆಗಾಗಿ ಇಲ್ಲಿ ದಾಖಲಾಗಿದ್ದ ಹಿರಿಯರೊಬ್ಬರನ್ನು ಮನೆಗೆ ಕಳಿಸುವ ದಿನ ಅವರ ಸೊಸೆ ಒಂದು ಚೀಲ ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಬೆಂಗಳೂರಿನಿಂದ ನೋಡಲು ಬಂದ ನೆಂಟರು ಕೊಟ್ಟ ಎರಡು ಟಿನ್ನು ಇದ್ದವು. ಒಂದರಲ್ಲಿ ಹಸಿ ಬಟಾಣಿ, ಇನ್ನೊಂದರಲ್ಲಿ ಅಣಬೆ. ಜೊತೆಗೆ ಪೇಟೆಯಲ್ಲಿ ಅವರೇ ಕೊಂಡ ಐದು ಲೀಟರಿನ ಎಣ್ಣೆಯ ಕ್ಯಾನು. ಆ ಹೆಣ್ಣುಮಗಳು ಎರಡರ ಮೇಲಿನ ಬರಹವನ್ನೂ ಓದಿಕೊಂಡೇ ಬಂದಿದ್ದರು. "ಮೇಡಂ, ಈ ಡಬ್ಬಿ ತರಕಾರಿ ಹಳೇದು, ಔಷಧಿ ಹಾಕಿಟ್ಟಿರ್ತಾರೆ, ಎಸೆದುಬಿಡ್ತೀನಿ. ಎಣ್ಣೆ ಮಾತ್ರ ಒಳ್ಳೇದು ತಗೊಂಡಿದೀನಿ, ಕೊಲೆಸ್ಟೆರಾಲ್ ಸೊನ್ನೆ ಅಂತ ಬರೆದಿದೆ. ಇನ್ನು ಮಾವನವರಿಗೆ ಬಜ್ಜಿ, ಪೂರಿ ಮಾಡಿ ಹಾಕಬಹುದಲ್ವಾ?" ಎಂದು ಕೇಳಿದರು.

ಓದು ಬಲ್ಲ, ಮಾವನ ಮೇಲೆ ಅಕ್ಕರೆ ಇರುವ, ಬುದ್ಧಿವಂತ ಹೆಣ್ಣುಮಗಳು. ಆದರೂ ಎರಡೂ ವಿಷಯ ಅವರಿಗೆ ತಿರುವುಮುರುವಾಗಿ ಅರ್ಥವಾಗಿತ್ತು. ತಪ್ಪು ಅವರದಲ್ಲ. ಲೇಬಲ್ಲು ಬರೆಯುವವರು ಯಾವುದನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ, ಯಾವುದನ್ನು ಸಾಸಿವೆ ಕಾಳಿನಷ್ಟು ಸಣ್ಣಗೆ ಬರೆಯುತ್ತಾರೆ ಎಂಬುದರಲ್ಲೇ ಎಲ್ಲ ಇದೆ.

ಮೊದಲು ಆ ಸಣ್ಣ ಅಕ್ಷರ ಓದುವುದನ್ನು ಕಲಿಯೋಣ. ಪೊಟ್ಟಣದ ಹಿಂಬದಿಯಲ್ಲಿ ಒಂದು ಚೌಕ ಇರುತ್ತದೆ. ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಓದಿಸಿ. ಅದರಲ್ಲಿ 100 ಗ್ರಾಂ ಪದಾರ್ಥಕ್ಕೆ ಇಷ್ಟು ಶಕ್ತಿ, ಇಷ್ಟು ಕೊಬ್ಬು, ಇಷ್ಟು ಸೋಡಿಯಂ ಎಂದು ಬರೆದಿರುತ್ತದೆ. ಶಕ್ತಿಯನ್ನು ಕ್ಯಾಲೊರಿಯಲ್ಲಿ ಅಳೆಯುತ್ತಾರೆ. ಸೋಡಿಯಂ ಎಂದರೆ ಉಪ್ಪಿನ ಮುಖ್ಯ ಭಾಗ. ರಕ್ತದೊತ್ತಡ ಏರಿಸುವುದು, ಹೃದಯ ದುರ್ಬಲವಾದವರ ಮೈಯಲ್ಲಿ ನೀರು ನಿಲ್ಲಿಸುವುದು ಅದೇ. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಆದ್ದರಿಂದ ಲೇಬಲ್ಲಿನಲ್ಲಿ ಸೋಡಿಯಂ 400 ಎಂದು ಕಂಡರೆ ಒಂದು ಗ್ರಾಂ ಉಪ್ಪು, 800 ಎಂದು ಕಂಡರೆ ಎರಡು ಗ್ರಾಂ ಎಂದು ಲೆಕ್ಕ ಹಿಡಿಯಿರಿ. ಆರೋಗ್ಯವಾಗಿರುವ ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂ ಮೀರದಿರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಒಂದು ಸಣ್ಣ ಟೀ ಚಮಚ. ಅನ್ನ, ಸಾರು, ಪಲ್ಯ, ಮಜ್ಜಿಗೆ, ಮಂಡಕ್ಕಿ, ಉಪ್ಪಿನಕಾಯಿ ಎಲ್ಲವೂ ಸೇರಿ ಅಷ್ಟು.

ಈಗ ಡಬ್ಬಿಯ ಬಟಾಣಿಗೆ ಬರೋಣ. ಡಬ್ಬಿಯಲ್ಲಿ ಔಷಧಿ ಹಾಕಿರುತ್ತಾರೆ ಎಂಬ ಮಾತು ನಿಜವಲ್ಲ. ತರಕಾರಿಯನ್ನು ಕುದಿನೀರಿನಲ್ಲಿ ಅದ್ದಿ ತೆಗೆದು, ಉಪ್ಪುನೀರಿನೊಂದಿಗೆ ತಗಡಿನ ಡಬ್ಬಿಗೆ ತುಂಬಿ, ಗಾಳಿ ಹೊಗದಂತೆ ಮುಚ್ಚಿ, ಆಮೇಲೆ ಡಬ್ಬಿಯನ್ನೇ ಕುದಿನೀರಿಗಿಂತ ಹೆಚ್ಚಿನ ಶಾಖದಲ್ಲಿ ಬೇಯಿಸುತ್ತಾರೆ. ನಮ್ಮ ಮನೆಯ ಕುಕ್ಕರಿನ ತತ್ತ್ವವೇ. ಒಳಗಿನ ಸೂಕ್ಷ್ಮಜೀವಿ ಸಾಯುತ್ತದೆ, ಹೊರಗಿನದು ಒಳಗೆ ಬರಲಾಗುವುದಿಲ್ಲ, ಅದಕ್ಕೇ ಅದು ಕೆಡುವುದಿಲ್ಲ. ಫ್ರಾನ್ಸಿನ ನಿಕೊಲಾ ಆಪೆರ್ ಎಂಬ ಅಡುಗೆ ಬಲ್ಲವನೊಬ್ಬ ಗಾಜಿನ ಸೀಸೆಯಲ್ಲಿ ಹೀಗೆ ಮಾಡುವ ವಿಧಾನವನ್ನು 1810ರಲ್ಲಿ ಪುಸ್ತಕ ಬರೆದು ತಿಳಿಸಿದ. ಸೂಕ್ಷ್ಮಜೀವಿಯಿಂದ ಆಹಾರ ಕೆಡುತ್ತದೆ ಎಂದು ಲೂಯಿ ಪಾಶ್ಚರ್ ತೋರಿಸುವುದಕ್ಕೆ ಎಷ್ಟೋ ವರ್ಷ ಮೊದಲೇ. ನಮ್ಮ ರಾಜ್ಯದಲ್ಲೇ, ಮೈಸೂರಿನಲ್ಲಿ, ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ 1950ರಿಂದ ಇದೆ. ಹಣ್ಣು ತರಕಾರಿಗಳನ್ನು ಕೆಡದಂತೆ ಇಡುವ ವಿದ್ಯೆಯನ್ನು ನಾಡಿಗೆ ಕಲಿಸಿದ ಸಂಸ್ಥೆ ಅದು.

ಹಾಗಾದರೆ ಡಬ್ಬಿಯ ಬಟಾಣಿಗೂ ಸಿಪ್ಪೆ ಸುಲಿದ ತಾಜಾ ಬಟಾಣಿಗೂ ಏನು ವ್ಯತ್ಯಾಸ? 100 ಗ್ರಾಂ ತಾಜಾ ಬಟಾಣಿಯಲ್ಲಿ ಸುಮಾರು 80 ಕ್ಯಾಲೊರಿ, ನೀರು ಬಸಿದ ಡಬ್ಬಿ ಬಟಾಣಿಯಲ್ಲಿ ಸುಮಾರು 70. ಸಸಾರಜನಕ, ನಾರು ಎರಡರಲ್ಲೂ ಹೆಚ್ಚುಕಡಿಮೆ ಸಮ. ಸಿ ಜೀವಸತ್ವ ಮಾತ್ರ ಶಾಖಕ್ಕೆ ತಾಳುವುದಿಲ್ಲ, ನೀರಿಗೂ ಇಳಿದು ಹೋಗುತ್ತದೆ. ತಾಜಾದಲ್ಲಿ 40 ಮಿಲಿಗ್ರಾಂ ಇದ್ದದ್ದು ಡಬ್ಬಿಯಲ್ಲಿ 10ರ ಹತ್ತಿರಕ್ಕೆ ಇಳಿಯುತ್ತದೆ. ಅದು ನಷ್ಟವೇ, ಆದರೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ, ಒಂದು ಸೀಬೆಹಣ್ಣು ತಿಂದರೆ ಆ ನಷ್ಟ ತುಂಬುತ್ತದೆ. ನಿಜವಾದ ವ್ಯತ್ಯಾಸ ಸೋಡಿಯಂನಲ್ಲಿದೆ. ತಾಜಾ ಬಟಾಣಿಯಲ್ಲಿ ಅದು 5 ಮಿಲಿಗ್ರಾಂ, ಡಬ್ಬಿಯದರಲ್ಲಿ 250ರ ಆಸುಪಾಸು. ಅಣಬೆಯ ಡಬ್ಬಿಯಲ್ಲಿ ಇನ್ನೂ ಹೆಚ್ಚು, 400 ದಾಟಬಹುದು. ಬಟಾಣಿಗೆ ಏನೂ ಆಗಿಲ್ಲ, ಅದು ನಿಂತಿರುವ ನೀರಿನಲ್ಲಿ ತೊಂದರೆ. ಆ ನೀರನ್ನು ಚೆಲ್ಲಿ, ಕಾಳನ್ನು ಜರಡಿಗೆ ಹಾಕಿ ಎರಡು ಸಲ ಚೆನ್ನಾಗಿ ತೊಳೆದರೆ ಸೋಡಿಯಂ ಒಂದಿಷ್ಟು ಕಡಿಮೆಯಾಗುತ್ತದೆ. ಆಮೇಲೆ ಪಲ್ಯಕ್ಕೆ ಬೇರೆ ಉಪ್ಪು ಹಾಕಬೇಡಿ. ಇಷ್ಟು ಮಾಡಿದರೆ ಆ ಡಬ್ಬಿಯನ್ನು ಎಸೆಯುವ ಕಾರಣವಿಲ್ಲ. ಡಬ್ಬಿ ಉಬ್ಬಿದ್ದರೆ, ತೆರೆದಾಗ ನೀರು ಚಿಮ್ಮಿದರೆ, ಅಂಚಿನಲ್ಲಿ ತುಕ್ಕು ಹಿಡಿದು ಸೋರಿದ್ದರೆ ಮಾತ್ರ ರುಚಿ ನೋಡಲೂ ಹೋಗದೆ ಎಸೆಯಿರಿ. ಅಂಥದರಲ್ಲಿ ಬೆಳೆಯುವ ವಿಷ ಬಹಳ ಕೆಟ್ಟದ್ದು, ನರಗಳನ್ನೇ ಹಿಡಿದುಬಿಡುತ್ತದೆ.

ಇಷ್ಟು ಹೇಳುವಾಗ ನಿಮ್ಮಲ್ಲಿ ಹಲವರು ಮನಸ್ಸಿನಲ್ಲೇ ನಗುತ್ತಿರಬಹುದು. ನಮ್ಮ ಮನೆಗೆ ಯಾವ ಟಿನ್ನು ಬರುತ್ತದೆ, ಹಿತ್ತಲಲ್ಲೇ ಬಸಳೆ, ಸೌತೆ, ಬದನೆ ಇವೆ ಎಂದು. ಒಪ್ಪುತ್ತೇನೆ. ಆದರೆ ನಮ್ಮ ಸೀಮೆಯ ಡಬ್ಬಿ ತರಕಾರಿ ತಗಡಿನ ಡಬ್ಬಿಯಲ್ಲಿಲ್ಲ, ಅಟ್ಟದ ಮೇಲಿನ ಭರಣಿಯಲ್ಲಿದೆ. ಸೊರಬ, ಸಾಗರದ ಕಡೆ ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿ ವರ್ಷಗಟ್ಟಲೆ ಇಡುತ್ತೇವೆ. ಹಲಸಿನ ತೊಳೆಯನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಮಳೆಗಾಲಕ್ಕೆ ಕಾಯ್ದಿಡುತ್ತೇವೆ. ಕಳಲೆಯೂ ಹಾಗೆಯೇ. ಹೊಲಗದ್ದೆಯಲ್ಲಿ ಏನೂ ಕೈಗೆ ಸಿಗದ ಆಷಾಢ ಶ್ರಾವಣದಲ್ಲಿ ಇವೇ ನಮ್ಮ ಹಿರಿಯರನ್ನು ಕಾಪಾಡಿದವು. ಆ ವಿದ್ಯೆಯ ಬಗ್ಗೆ ನನಗೆ ಗೌರವವಿದೆ. ಕಳಲೆಯ ವಿಷಯದಲ್ಲಂತೂ ಹಿರಿಯರ ಜಾಣತನ ದೊಡ್ಡದು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿ, ಬೇಯಿಸಿ ತಿನ್ನುವ ಪದ್ಧತಿಯಿಂದ ಅದು ಹೊರಟುಹೋಗುತ್ತದೆ. ಯಾರ ಪ್ರಯೋಗಶಾಲೆಯೂ ಇಲ್ಲದೆ ನಮ್ಮ ಅಜ್ಜಿಯರು ಅದನ್ನು ಅರಿತಿದ್ದರು.

ಆದರೆ ಉಪ್ಪು ಉಪ್ಪೇ. ತಗಡಿನ ಡಬ್ಬಿಯಲ್ಲಿ ಶಾಖ ಮಾಡುವ ಕೆಲಸವನ್ನು ಭರಣಿಯಲ್ಲಿ ಉಪ್ಪೇ ಮಾಡಬೇಕು. ಅದಕ್ಕಾಗಿ ಹತ್ತು ಪಟ್ಟು ಹೆಚ್ಚು ಬೇಕಾಗುತ್ತದೆ. 100 ಗ್ರಾಂ ಉಪ್ಪಿನಕಾಯಿಯಲ್ಲಿ 10ರಿಂದ 15 ಗ್ರಾಂ ಉಪ್ಪು ಇರುವುದು ಸಾಮಾನ್ಯ. ರಸ ಹತ್ತಿದ ಒಂದು ಮಿಡಿ 15 ಗ್ರಾಂ ತೂಗಿದರೆ ಅದರಲ್ಲಿ ಒಂದೂವರೆಯಿಂದ ಎರಡು ಗ್ರಾಂ ಉಪ್ಪು ಇರುತ್ತದೆ. ನೀವು ಹೆದರಿ ಎಸೆಯಲು ಹೊರಟ ಬಟಾಣಿ ಡಬ್ಬಿಯಲ್ಲಿ 100 ಗ್ರಾಂ ತಿಂದರೂ ಮುಕ್ಕಾಲು ಗ್ರಾಂ ದಾಟುವುದಿಲ್ಲ.

ಇದನ್ನು ಲೆಕ್ಕಕ್ಕಾಗಿ ಹೇಳುತ್ತಿಲ್ಲ. ಸೊರಬದ ಕಡೆಯ ಒಬ್ಬ ಯಜಮಾನರು ಹೃದಯ ದುರ್ಬಲವಾಗಿ, ಕಾಲು ಊದಿ, ಏದುಸಿರು ಬಿಡುತ್ತ ಬಂದಿದ್ದರು. ನೀರು ಇಳಿಸುವ ಔಷಧಿ ಕೊಟ್ಟು, ಊತ ಇಳಿಸಿ, ದಿನಕ್ಕೆ 3 ಗ್ರಾಂ ಮೀರಿ ಉಪ್ಪು ಬೇಡ ಎಂದು ಬರೆದು ಮನೆಗೆ ಕಳಿಸಿದೆವು. ಒಂಬತ್ತನೇ ದಿನಕ್ಕೆ ಮತ್ತೆ ಅದೇ ಊತ, ಅದೇ ಏದುಸಿರು. ರಾತ್ರಿ ಮಲಗಲಾಗದೆ ಎದ್ದು ಕೂತೇ ಕಳೆಯುತ್ತಿದ್ದರು. ಮನೆಯವರನ್ನು ಡಾಕ್ಟರು ಗದರಿದರು. ಅವರ ಹೆಂಡತಿ ಅತ್ತುಬಿಟ್ಟರು. "ಅಡುಗೆಗೆ ಒಂದು ಹರಳು ಉಪ್ಪು ಹಾಕಿಲ್ಲ, ಆಣೆ ಮಾಡ್ತೀನಿ. ಸಪ್ಪೆ ಗಂಜಿ ಬಿಟ್ಟು ಬೇರೆ ಏನೂ ಕೊಟ್ಟಿಲ್ಲ" ಎಂದರು. ಅವರು ಹೇಳಿದ್ದು ಪೂರಾ ಸತ್ಯ. ನಾನು ಹಾಸಿಗೆ ಪಕ್ಕ ಕೂತು ನಿಧಾನವಾಗಿ ವಿಚಾರಿಸಿದೆ. ಯಜಮಾನರೇ ಹೇಳಿದರು: "ಸಪ್ಪೆ ಗಂಜಿ ಗಂಟಲಲ್ಲಿ ಇಳೀಬೇಕಲ್ಲವ್ವ. ನಂಜಿಕೊಳ್ಳೋಕೆ ಒಂದು ಮಿಡಿ." ಹೊತ್ತಿಗೆ ಒಂದು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಡಾಕ್ಟರು ಇಡೀ ದಿನಕ್ಕೆ ಬರೆದ ಉಪ್ಪಿಗಿಂತ ಹೆಚ್ಚು ಆ ಮೂರು ಮಿಡಿಯಲ್ಲೇ ಹೋಗಿತ್ತು.

ಅವರ ಮನೆಯಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಗಂಜಿಗೆ ಮಿಡಿ ಎನ್ನುವುದು ನಮ್ಮಲ್ಲಿ ಪಥ್ಯವೇ ಆಗಿಹೋಗಿದೆ. ಜ್ವರ ಬಂದವರಿಗೆ, ಬಾಣಂತಿಗೆ, ಮುದುಕರಿಗೆ ಎಲ್ಲರಿಗೂ ಅದೇ. ಎರಡು ದಿನದ ಜ್ವರಕ್ಕೆ ಅದರಿಂದ ತೊಂದರೆಯಿಲ್ಲ. ಬೆವರಿ, ವಾಂತಿಯಾಗಿ ಉಪ್ಪು ಕಳೆದುಕೊಂಡವರಿಗೆ ಒಳ್ಳೆಯದೇ. ಆದರೆ ಹೃದಯ, ಮೂತ್ರಪಿಂಡ, ರಕ್ತದೊತ್ತಡದ ರೋಗಿಗೆ ಅದು ಪಥ್ಯವಲ್ಲ. ಹಲಸಿನ ತೊಳೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ ಪಲ್ಯ ಮಾಡುತ್ತೀರಲ್ಲ, ಅದು ಸರಿಯಾದ ಕ್ರಮ. ಆರೋಗ್ಯವಂತರು ಹಾಗೆ ಮಾಡಿ ತಿನ್ನಬಹುದು. ಆದರೆ ನೆನೆಸಿದರೂ ಉಪ್ಪು ಪೂರಾ ಹೋಗುವುದಿಲ್ಲ, ಆದ್ದರಿಂದ ಈ ರೋಗಿಗಳಿಗೆ ಬೇಡ. ಗಂಜಿಗೆ ರುಚಿ ಬೇಕಾದರೆ ನಿಂಬೆಹುಳಿ, ಹಸಿ ಶುಂಠಿ, ಜೀರಿಗೆ, ಕರಿಬೇವು, ಕೊತ್ತಂಬರಿ ಸೊಪ್ಪು, ಸುಟ್ಟ ಬದನೆಯ ಗೊಜ್ಜು ಹಾಕಿ. ಎರಡು ವಾರ ನಾಲಿಗೆ ಮುನಿಸಿಕೊಳ್ಳುತ್ತದೆ, ಆಮೇಲೆ ಒಗ್ಗುತ್ತದೆ. ಆ ಯಜಮಾನರಿಗೆ ಒಗ್ಗಿತು.

ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸೋಡಿಯಂ ಕಡಿಮೆಯಿರುವ ಉಪ್ಪು ಎಂದು ಬೇರೆ ಪೊಟ್ಟಣ ಸಿಗುತ್ತದೆ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಕೆಲವು ರಕ್ತದೊತ್ತಡದ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಡಾಕ್ಟರನ್ನು ಕೇಳದೆ ಆ ಉಪ್ಪನ್ನು ಕೊಳ್ಳಬೇಡಿ.

ಇನ್ನು ಎಣ್ಣೆಯ ಕ್ಯಾನು. ತರಕಾರಿಗೂ ಎಣ್ಣೆಗೂ ಹೋಲಿಕೆ ಏನು ಎಂದು ನೀವು ಕೇಳಬಹುದು. ಎರಡೂ ಒಂದೇ ಬಾಣಲೆಯಲ್ಲಿ ಸೇರುತ್ತವಲ್ಲ, ಅದಕ್ಕೇ ಹೋಲಿಸಬೇಕು. 100 ಗ್ರಾಂ ಹುರುಳಿಕಾಯಿಯಲ್ಲಿ, ನಾವು ಬೀನ್ಸ್ ಎನ್ನುತ್ತೇವಲ್ಲ ಅದರಲ್ಲಿ, 30 ಕ್ಯಾಲೊರಿ ಆಸುಪಾಸು ಇರುತ್ತದೆ. ಕೊಬ್ಬು ಅರ್ಧ ಗ್ರಾಮೂ ಇಲ್ಲ. ಅದೇ 100 ಗ್ರಾಂ ಎಣ್ಣೆಯಲ್ಲಿ 900 ಕ್ಯಾಲೊರಿ. ಎಣ್ಣೆ ಎಂದರೆ ಪೂರಾ ಕೊಬ್ಬು, ನೀರಿಲ್ಲ, ನಾರಿಲ್ಲ. ಕಡಲೆಕಾಯಿ ಎಣ್ಣೆಯಾಗಲಿ, ಸೂರ್ಯಕಾಂತಿಯಾಗಲಿ, ಕೊಬ್ಬರಿ ಎಣ್ಣೆ, ಪಾಮ್ ಎಣ್ಣೆ, ಡಾಲ್ಡಾ, ತುಪ್ಪ ಯಾವುದೇ ಆಗಲಿ, ಆ 900ರಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಗಾಣದ ಎಣ್ಣೆಗೂ ಅಷ್ಟೇ. ಬೆಣ್ಣೆಯಲ್ಲಿ ನೀರಿನಂಶ ಇರುವುದರಿಂದ ಸ್ವಲ್ಪ ಕಡಿಮೆ. ಹೀಗಾಗಿ 100 ಗ್ರಾಂ ಬೀನ್ಸಿಗೆ ಮೂರು ಟೀ ಚಮಚ ಎಣ್ಣೆ ಹಾಕಿ ಪಲ್ಯ ಮಾಡಿದರೆ ತರಕಾರಿಯಿಂದ 30 ಕ್ಯಾಲೊರಿ, ಎಣ್ಣೆಯಿಂದ 120. ಬರೀ ತರಕಾರಿ ತಿಂದರೂ ತೂಕ ಇಳಿಯುತ್ತಿಲ್ಲ ಎಂದು ಹೇಳುವ ಸಕ್ಕರೆ ಕಾಯಿಲೆಯವರು ಈ ಲೆಕ್ಕವನ್ನು ನೆನಪಿಡಬೇಕು. ಎಣ್ಣೆಗಾಯಿ ಪ್ರಿಯರಿಗೆ ನಾನು ಬೇರೆಯಾಗಿ ಏನೂ ಹೇಳಬೇಕಿಲ್ಲ, ಹೆಸರೇ ಹೇಳುತ್ತದೆ.

ಕೊಲೆಸ್ಟೆರಾಲ್ ಸೊನ್ನೆ ಎಂಬ ಬರಹ ಸುಳ್ಳಲ್ಲ. ಆದರೆ ಅದು ಆ ಕಂಪನಿಯ ಹೆಚ್ಚುಗಾರಿಕೆಯೂ ಅಲ್ಲ. ಕೊಲೆಸ್ಟೆರಾಲ್ ಪ್ರಾಣಿಗಳಿಂದ ಬರುವ ಹಾಲು, ತುಪ್ಪ, ಮೊಟ್ಟೆ, ಮಾಂಸದಲ್ಲಿ ಇರುತ್ತದೆ. ಬೀಜದಿಂದ ತೆಗೆದ ಯಾವ ಎಣ್ಣೆಯಲ್ಲೂ ಅದು ಎಂದೂ ಇರುವುದಿಲ್ಲ. ಬಾಳೆಹಣ್ಣಿಗೆ ಮೂಳೆಯಿಲ್ಲ ಎಂದು ಚೀಟಿ ಅಂಟಿಸಿದ ಹಾಗೆ. ಇನ್ನೂ ಮುಖ್ಯವಾದ ಮಾತೆಂದರೆ, ನಮ್ಮ ರಕ್ತದಲ್ಲಿನ ಕೊಲೆಸ್ಟೆರಾಲಿನ ಬಹುಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ. ಅದನ್ನು ಏರಿಸುವುದರಲ್ಲಿ ಊಟದ ಕೊಲೆಸ್ಟೆರಾಲಿಗಿಂತ ಗಟ್ಟಿ ಕೊಬ್ಬಿನ ಪಾತ್ರ ದೊಡ್ಡದು. ಲೇಬಲ್ಲಿನಲ್ಲಿ ಅದನ್ನು ಸ್ಯಾಚುರೇಟೆಡ್ ಫ್ಯಾಟ್ ಎಂದು ಬರೆದಿರುತ್ತಾರೆ. ನೋಡಬೇಕಾದ್ದು ಆ ಸಾಲು.

100 ಗ್ರಾಂ ಸೂರ್ಯಕಾಂತಿ ಎಣ್ಣೆಯಲ್ಲಿ ಗಟ್ಟಿ ಕೊಬ್ಬು 10ರಿಂದ 12 ಗ್ರಾಂ, ಕುಸುಬೆ ಎಣ್ಣೆಯಲ್ಲಿ 10 ಗ್ರಾಂ ಹತ್ತಿರ. ಕಡಲೆಕಾಯಿ ಎಣ್ಣೆಯಲ್ಲಿ 20, ಅಕ್ಕಿ ತೌಡಿನ ಎಣ್ಣೆಯಲ್ಲೂ 20ಕ್ಕಿಂತ ತುಸು ಹೆಚ್ಚು. ಪಾಮ್ ಎಣ್ಣೆಯಲ್ಲಿ 45ರಿಂದ 50. ತುಪ್ಪದಲ್ಲಿ 60 ದಾಟುತ್ತದೆ. ಕೊಬ್ಬರಿ ಎಣ್ಣೆಯಲ್ಲಿ 90ರ ಹತ್ತಿರ. ಕೊಬ್ಬರಿ ಎಣ್ಣೆಯ ಡಬ್ಬಿಯ ಮೇಲೂ ಕೊಲೆಸ್ಟೆರಾಲ್ ಸೊನ್ನೆ ಎಂದು ಬರೆಯಬಹುದು, ಸುಳ್ಳಾಗುವುದಿಲ್ಲ! ಪಾಮ್ ಎಣ್ಣೆ ನಮ್ಮ ಮನೆಗಳಿಗೆ ಹೊಸದಲ್ಲ. 2015ರಲ್ಲಿ ಅನ್ನಭಾಗ್ಯದ ಅಕ್ಕಿಯ ಜೊತೆ ಪಡಿತರ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಟ್ಟದ್ದು ನೆನಪಿರಬಹುದು. ಅದು ವಿಷವೇನಲ್ಲ. ಅಗ್ಗದ ಶಕ್ತಿ, ಬಡವರ ಮನೆಯಲ್ಲಿ ಒಗ್ಗರಣೆಗೆ ದಾರಿ. ಹೃದ್ರೋಗಿ ಇರುವ ಮನೆಯಲ್ಲಿ ಮಾತ್ರ ನಿತ್ಯಕ್ಕೆ ಅದೇ ಎಣ್ಣೆ ಬೇಡ ಎನ್ನುತ್ತೇನೆ. ನಮ್ಮ ಕಡೆಗೆ ಕಡಲೆಕಾಯಿ ಎಣ್ಣೆ ಚೆನ್ನಾಗಿ ಹೊಂದುತ್ತದೆ. ಒಂದು ತಿಂಗಳು ಅದು, ಇನ್ನೊಂದು ತಿಂಗಳು ಸೂರ್ಯಕಾಂತಿ ಅಥವಾ ತೌಡಿನ ಎಣ್ಣೆ ಎಂದು ಬದಲಿಸಿಕೊಂಡರೆ ಇನ್ನೂ ಒಳ್ಳೆಯದು.

ಡಾಲ್ಡಾದ ಕಥೆ ಸ್ವಲ್ಪ ಬೇರೆ. ನಮ್ಮಲ್ಲಿ ವನಸ್ಪತಿ ಎಂದರೆ ಡಾಲ್ಡಾ. 1937ರಲ್ಲಿ ಮಾರುಕಟ್ಟೆಗೆ ಬಂದ ಆ ಹೆಸರು ಪದಾರ್ಥದ ಹೆಸರೇ ಆಗಿಬಿಟ್ಟಿತು. ತೆಂಗಿನಂಥ ಮರದ ಚಿತ್ರವಿದ್ದ ಹಳದಿ ಡಬ್ಬಿ ಖಾಲಿಯಾದ ಮೇಲೆ ನಮ್ಮ ಅಜ್ಜಿಯರು ಅದರಲ್ಲಿ ಬೇಳೆ ತುಂಬಿಡುತ್ತಿದ್ದರು, ಅಂಗಳದಲ್ಲಿ ತುಳಸಿ ನೆಡುತ್ತಿದ್ದರು. ದ್ರವರೂಪದ ಎಣ್ಣೆಯೊಳಗೆ ಜಲಜನಕ ಅನಿಲ ಹಾಯಿಸಿ ಅದನ್ನು ತುಪ್ಪದಂತೆ ಗಟ್ಟಿ ಮಾಡಿದ್ದೇ ವನಸ್ಪತಿ. ಹಾಗೆ ಅರ್ಧಂಬರ್ಧ ಗಟ್ಟಿ ಮಾಡುವಾಗ ಟ್ರಾನ್ಸ್ ಕೊಬ್ಬು ಎಂಬ ಒಂದು ಬಗೆ ಹುಟ್ಟುತ್ತದೆ. ರಕ್ತದಲ್ಲಿ ಕೆಟ್ಟ ಕೊಲೆಸ್ಟೆರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುವ, ಎರಡೂ ಕಡೆ ನಷ್ಟ ಮಾಡುವ ಕೊಬ್ಬು ಅದು. ಇದು ಗೊತ್ತಾದ ಮೇಲೆ ಸರ್ಕಾರ ಹಂತಹಂತವಾಗಿ ಮಿತಿ ಹಾಕಿತು. ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು 2021ರಲ್ಲಿ ಶೇಕಡ 3 ಮೀರಬಾರದು, 2022ರ ಜನವರಿಯಿಂದ ಶೇಕಡ 2 ಮೀರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ. ಇದು ಒಳ್ಳೆಯ ಕೆಲಸ. ಆದರೂ ಬೇಕರಿಯ ಪಫ್ಸು, ಖಾರಾ ಬಿಸ್ಕತ್ತು, ಬಾಯಲ್ಲಿಟ್ಟರೆ ಕರಗುವ ಬೆಣ್ಣೆ ಬಿಸ್ಕತ್ತುಗಳಲ್ಲಿ ಬೆಣ್ಣೆ ಇರುವುದು ಹೆಸರಿನಲ್ಲಿ ಮಾತ್ರ ಆಗಿರಬಹುದು. ಟ್ರಾನ್ಸ್ ಕೊಬ್ಬು ಇಳಿದರೂ ಗಟ್ಟಿ ಕೊಬ್ಬು ಅಲ್ಲೇ ಇರುತ್ತದೆ. ರೋಗಿಯನ್ನು ನೋಡಲು ಬರುವವರು ಬಿಸ್ಕತ್ತು ಪೊಟ್ಟಣದ ಬದಲು ಎರಡು ಮೂಸಂಬಿ ತಂದರೆ ನನಗೆ ಸಂತೋಷ.

ಮಿರ್ಚಿ ಮಂಡಕ್ಕಿಯ ವಿಷಯಕ್ಕೆ ಬಂದೇ ಬರುತ್ತೇನೆ ಎಂದು ಕಾಯುತ್ತಿದ್ದಿರಿ. ಮಂಡಕ್ಕಿಯ ತಪ್ಪೇನಿಲ್ಲ, ಮಿರ್ಚಿ ಕರಿದ ಎಣ್ಣೆ ಎಷ್ಟನೇ ದಿನದ್ದು ಎಂಬುದೇ ಪ್ರಶ್ನೆ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಕಪ್ಪಾಗಿ, ಮಂದವಾಗಿ, ನೊರೆ ಬಂದು ಒಳಗೆ ಹಾನಿಕರ ವಸ್ತುಗಳು ಸೇರುತ್ತವೆ. ಇವು ಶೇಕಡ 25 ಮೀರಿದ ಎಣ್ಣೆಯನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈನಿಂದ ಇದೆ. ರಸ್ತೆ ಬದಿಯ ಬಾಣಲೆಯನ್ನು ಯಾರು ದಿನವೂ ಅಳೆಯುತ್ತಾರೆ? ನಿಮ್ಮ ಕಣ್ಣೇ ಅಳೆಯಬೇಕು. ಮನೆಯಲ್ಲಿ ಹಬ್ಬಕ್ಕೆ ಕರಿದು ಉಳಿದ ಎಣ್ಣೆಯನ್ನು ಸೋಸಿಟ್ಟು ಎರಡು ಮೂರು ದಿನದೊಳಗೆ ಒಗ್ಗರಣೆಗೆ ಬಳಸಿ ಮುಗಿಸಿ. ಮತ್ತೆ ಕರಿಯಲು ಇಡಬೇಡಿ, ಹೊಸ ಎಣ್ಣೆಗೆ ಬೆರೆಸಬೇಡಿ.

ಇಷ್ಟು ಕೇಳಿ ಹೆದರಿ ಎಣ್ಣೆಯನ್ನೇ ಬಿಟ್ಟುಬಿಡುವವರೂ ಇದ್ದಾರೆ. ಅದೂ ತಪ್ಪು. ಕ್ಯಾರೆಟ್ಟು, ಕುಂಬಳಕಾಯಿ, ನುಗ್ಗೆಸೊಪ್ಪು, ಹರಿವೆಸೊಪ್ಪುಗಳಲ್ಲಿ ಕಣ್ಣಿಗೆ ಬೇಕಾದ ಎ ಜೀವಸತ್ವದ ಮೂಲವಸ್ತು ಇದೆ. ಅದು ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಮಾತ್ರ ಕರಗುತ್ತದೆ. ಜಿಡ್ಡಿಲ್ಲದೆ ಬೇಯಿಸಿ ತಿಂದರೆ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ. ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟರೆ ಮೈಗೆ ಹತ್ತುತ್ತದೆ. ಟೊಮೆಟೊದ ಕೆಂಪು ಅಂಶಕ್ಕೂ ಹಾಗೆಯೇ ಶಾಖ ಬೇಕು, ಜಿಡ್ಡೂ ಬೇಕು. ನಮ್ಮ ಸಾರಿನ ಒಗ್ಗರಣೆ ಸುಮ್ಮನೆ ಘಮಕ್ಕಾಗಿ ಬಂದದ್ದಲ್ಲ. ಮೇಲಾಗಿ ಇಲ್ಲಿ ಕೂತಿರುವ ಎಲ್ಲರಿಗೂ ಒಂದೇ ಪಥ್ಯವಲ್ಲ. ಕ್ಷಯದಿಂದ ಸೊರಗಿದವರು, ಆಪರೇಷನ್ ಆಗಿ ತೂಕ ಇಳಿದವರು, ಊಟ ಸೇರದ ಸಣ್ಣ ಮಕ್ಕಳು, ಇವರಿಗೆ ಗಂಜಿಯ ಮೇಲೆ ಒಂದು ಚಮಚ ತುಪ್ಪ ಹಾಕಿ ಎಂದು ನಾನೇ ಬರೆದುಕೊಡುತ್ತೇನೆ. ಸ್ವಲ್ಪ ತಿಂದರೂ ಹೆಚ್ಚು ಶಕ್ತಿ ಸಿಗಬೇಕಾದ ಕಡೆ ಅದೇ 900 ಕ್ಯಾಲೊರಿ ಗುಣವಾಗುತ್ತದೆ. ಪಕ್ಕದ ಹಾಸಿಗೆಯವರಿಗೆ ತುಪ್ಪ ಕೊಟ್ಟರು, ನಮಗೆ ಕೊಡಲಿಲ್ಲ ಎಂದು ಬೇಸರ ಪಡಬೇಡಿ.

ಹಾಗಾದರೆ ಎಷ್ಟು ಎಣ್ಣೆ? ಮೈಬಗ್ಗಿಸಿ ದುಡಿಯದ ದೊಡ್ಡವರಿಗೆ ದಿನಕ್ಕೆ 20ರಿಂದ 25 ಗ್ರಾಂ ಸಾಕು. ತುಪ್ಪವೂ ಇದರಲ್ಲೇ ಸೇರಬೇಕು. ಗದ್ದೆಯಲ್ಲಿ ನಾಟಿ ಮಾಡುವವರು, ಹಮಾಲಿಯವರು ಇನ್ನೂ ಸ್ವಲ್ಪ ಹೆಚ್ಚು ತಿಂದರೆ ತಪ್ಪಿಲ್ಲ. ಹೃದ್ರೋಗಿಗಳಿಗೆ ನಾನು ಸಾಮಾನ್ಯವಾಗಿ 15 ಗ್ರಾಂ, ಅಂದರೆ ಮೂರು ಟೀ ಚಮಚಕ್ಕಿಂತ ತುಸು ಹೆಚ್ಚು ಬರೆಯುತ್ತೇನೆ. ಆದರೆ ಒಲೆಯ ಮುಂದೆ ನಿಂತವರು ಚಮಚದಲ್ಲಿ ಅಳೆಯುವುದಿಲ್ಲ ಎಂಬುದು ನನಗೂ ಗೊತ್ತು, ನಾನೂ ಅಡುಗೆ ಮಾಡುವವಳೇ. ಅದಕ್ಕಾಗಿ ತಿಂಗಳ ಲೆಕ್ಕ ಇಟ್ಟುಕೊಳ್ಳಿ. ಒಂದು ಲೀಟರು ಎಣ್ಣೆ ಎಂದರೆ 910 ಗ್ರಾಂ ತೂಕ. ಈಗ ಎಲ್ಲ ಪ್ಯಾಕೆಟ್ಟೂ ಒಂದೇ ಅಳತೆಯಲ್ಲಿ ಬರುವುದಿಲ್ಲ, ಆದ್ದರಿಂದ ಲೀಟರು ನೋಡದೆ ಗ್ರಾಂ ನೋಡಿ.

ಆ ಸೊಸೆಯನ್ನು ಕೇಳಿದೆ, ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಬೇಕಾಗುತ್ತದೆ ಎಂದು. ಮನೆಯಲ್ಲಿ ದೊಡ್ಡವರು ಐದು ಜನ. ಆರು ಲೀಟರು ಎಣ್ಣೆ, ಮೇಲೆ ಒಂದು ಕಿಲೋ ಡಾಲ್ಡಾ ಎಂದರು. ನನ್ನ ಮೇಜಿನ ಮೇಲೆಯೇ ಅವರ ಕೈಯಿಂದಲೇ ಭಾಗಿಸಿಸಿದೆ. ತಲೆಗೆ ದಿನಕ್ಕೆ 43 ಗ್ರಾಂ ಬಂತು. ಬೇಕಾದ್ದರ ಎರಡು ಪಟ್ಟು. ತಲೆಗೆ 20 ಗ್ರಾಂ ಲೆಕ್ಕದಲ್ಲಿ ಆ ಮನೆಗೆ ಮೂರು ಲೀಟರಿನ ಮೇಲೆ ಕಾಲು ಲೀಟರು ಸಾಕು. ಅವರು ಸ್ವಲ್ಪ ಹೊತ್ತು ಆ ಕಾಗದವನ್ನೇ ನೋಡುತ್ತಿದ್ದು, "ಹಾಗಾದ್ರೆ ಈ ಕ್ಯಾನು ಒಂದೂವರೆ ತಿಂಗಳು ಬರಬೇಕು" ಎಂದರು. ದುಡ್ಡಿನ ಲೆಕ್ಕವನ್ನು ನಾನು ಹೇಳಲಿಲ್ಲ, ಅವರೇ ಮಾಡಿಕೊಂಡರು. ಬಟಾಣಿ ಡಬ್ಬಿಯನ್ನು ಮನೆಗೆ ಒಯ್ದರು, ತೊಳೆದು ಪಲ್ಯ ಮಾಡುವ ಕ್ರಮ ಬರೆದುಕೊಂಡು. ಅಣಬೆಯ ಡಬ್ಬಿಯಲ್ಲಿ ಉಪ್ಪು ಹೆಚ್ಚು, ಮನೆಯ ಉಳಿದವರು ತಿನ್ನಲಿ, ಮಾವನವರಿಗೆ ಬೇಡ ಎಂದೆ.

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಅಟ್ಟದ ಮೇಲಿನ ಮಿಡಿ ಭರಣಿ ಏನು ಮಾಡ್ಲಿ ಮೇಡಂ? ಅದು ಅತ್ತೆ ಹಾಕಿದ್ದು."

ಅದನ್ನು ಚೆಲ್ಲಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಟ್ಟದ ಮೇಲೆಯೇ ಇರಲಿ, ಊಟಕ್ಕೆ ಕೂತ ಕಡೆ ಕೈಗೆ ಸಿಗದಿದ್ದರೆ ಸಾಕು, ಅತ್ತೆಯವರನ್ನು ಮುಂದಿನ ಸಲ ಜೊತೆಗೆ ಕರೆದುಕೊಂಡು ಬನ್ನಿ, ಅವರಿಗೆ ನಾನೇ ಹೇಳುತ್ತೇನೆ ಎಂದೆ. ಅತ್ತೆಯವರು ಬಂದರು. ನನ್ನ ಮಾತನ್ನೆಲ್ಲ ಕೇಳಿ, ತಮ್ಮ ಯಜಮಾನರ ಕಡೆ ಒಮ್ಮೆ ನೋಡಿ, ಈ ವರ್ಷ ಮಿಡಿ ಹಾಕುವುದಿಲ್ಲ ಎಂದರು. ಬೇಡ, ಹಾಕಿ, ಅರ್ಧ ಭರಣಿ ಹಾಕಿ, ಮೊಮ್ಮಕ್ಕಳು ತಿನ್ನಲಿ ಎಂದೆ.

ಈಗ ನಿಮ್ಮ ಸರದಿ. ಪಥ್ಯದ ಕೋಣೆಗೆ ಬರುವಾಗ ಡಾಕ್ಟರ ಚೀಟಿಯ ಜೊತೆ ನಿಮ್ಮ ಮನೆಯ ಎಣ್ಣೆ ಪ್ಯಾಕೆಟ್ಟಿನ ಖಾಲಿ ಕವರು, ನೆಂಟರು ತಂದುಕೊಟ್ಟ ಡಬ್ಬಿ, ಬಿಸ್ಕತ್ತಿನ ಪೊಟ್ಟಣ ಏನಿದ್ದರೂ ತನ್ನಿ. ಕೂತು ಓದೋಣ. ಡಬ್ಬಿ ಒಮ್ಮೆ ತೆರೆದ ಮೇಲೆ ಉಳಿದದ್ದನ್ನು ಅದೇ ತಗಡಿನಲ್ಲಿ ಇಡಬೇಡಿ, ಸ್ಟೀಲಿನ ಅಥವಾ ಗಾಜಿನ ಪಾತ್ರೆಗೆ ಬಗ್ಗಿಸಿ ಫ್ರಿಜ್ಜಿನಲ್ಲಿಡಿ. ಫ್ರಿಜ್ಜಿಲ್ಲದವರು ಆ ಹೊತ್ತಿಗೆ ಮುಗಿಸಿಬಿಡಿ. ಹದಿನೇಳನೇ ನಂಬರು ಕೂಗುತ್ತಿದ್ದಾರೆ, ಯಾರದ್ದು ನೋಡಿ.